ಸೀನಿಯರ್ ಬೇರೆ, ಸೃಷ್ಟಿಕರ್ತ ಬೇರೆ: ರೆನೆ ಡೆಕಾರ್ಟ್‌ನ ಬದುಕು

ಎಕ್ಸ್ ಆಕ್ಸಿಸ್, ವೈ ಆಕ್ಸಿಸ್ ಎಳೆಯದೆ ನಮ್ಮಲ್ಲಿ ಯಾರೂ ಒಂದು ಸೆಮಿಸ್ಟರ್ ಕೂಡ ದಾಟಿಲ್ಲ. ಕಾರ್ಟೀಸಿಯನ್ ಕೋಆರ್ಡಿನೇಟ್ಸ್ ಅಂತ ದಿನಾ ಹೇಳ್ತೀವಿ. ಆ ಕಾರ್ಟೀಸಿಯನ್ ಅನ್ನೋದು ಒಬ್ಬ ಮನುಷ್ಯನ ಹೆಸರಿನಿಂದ ಬಂದದ್ದು. ಅವನು ಫ್ರಾನ್ಸಿನ ರೆನೆ ಡೆಕಾರ್ಟ್. ಗೊತ್ತಿಲ್ಲದ ಸಂಖ್ಯೆಗೆ ಎಕ್ಸ್, ವೈ, ಝೆಡ್ ಅಂತ, ಗೊತ್ತಿರೋದಕ್ಕೆ ಎ, ಬಿ, ಸಿ ಅಂತ ಬರೆಯೋ ಪದ್ಧತಿ ಶುರುವಾದದ್ದೂ ಇವನಿಂದಲೇ.

ಆದ್ರೆ ಈ ಲೇಖನ ಗಣಿತದ್ದಲ್ಲ. ನಾವೆಲ್ಲ ಒಂದು ಕಂಪ್ಯೂಟರ್ ಸಿಮ್ಯುಲೇಷನ್ ಒಳಗೆ ಇದ್ದೀವಾ ಅನ್ನೋ ಪ್ರಶ್ನೆ 1999ರ ಮ್ಯಾಟ್ರಿಕ್ಸ್ ಸಿನಿಮಾದಿಂದ, ಆಮೇಲೆ 2003ರಲ್ಲಿ ನಿಕ್ ಬೋಸ್ಟ್ರಮ್ ಬರೆದ ಲೇಖನದಿಂದ ಜನಪ್ರಿಯ ಆಯ್ತು. ಅದರ ಹಿಂದೆಯೇ ಇನ್ನೊಂದು ಪ್ರಶ್ನೆ ಬರುತ್ತೆ. ಈ ಲೋಕವನ್ನ ಯಾರೋ ಕೋಡ್ ಮಾಡಿದ್ದರೆ, ಅಥವಾ ನಮಗಿಂತ ಲಕ್ಷಾಂತರ ವರ್ಷ ಮುಂದಿರೋ ಏಲಿಯನ್‌ಗಳು ಕೂತು ಕಟ್ಟಿದ್ದರೆ, ಅವರನ್ನೇ ದೇವರು ಅಂತ ಕರೆದರೆ ತಪ್ಪೇನು? ಜನ ಇಷ್ಟು ಕಾಲ ದೇವರು ಅಂದದ್ದು ಇವರನ್ನೇ ಇರಬಹುದಲ್ವಾ?

ಕಂಪ್ಯೂಟರ್ ಇಲ್ಲದ ಕಾಲದಲ್ಲಿ, 1641ರಲ್ಲಿ, ಡೆಕಾರ್ಟ್ ಹೆಚ್ಚೂ ಕಡಿಮೆ ಇದೇ ಪ್ರಶ್ನೆ ಎತ್ತಿದ್ದ. ಉತ್ತರಾನೂ ಕೊಟ್ಟಿದ್ದ. ಅದಕ್ಕೆ ಆರು ವರ್ಷ ಆದಮೇಲೆ ಅವನ ಮೇಲೆ ಬಂದ ಆರೋಪ ಏನು ಗೊತ್ತಾ? ಇವನು ದೇವರನ್ನ ಮೋಸಗಾರ ಅಂದಿದ್ದಾನೆ ಅಂತ. ಆ ಕಾಲದಲ್ಲಿ ಅದು ಸಣ್ಣ ಮಾತಲ್ಲ.

ತಡವಾಗಿ ಏಳೋ ಹುಡುಗ

ಡೆಕಾರ್ಟ್ ಹುಟ್ಟಿದ್ದು 1596ರ ಮಾರ್ಚ್ 31ರಂದು, ಫ್ರಾನ್ಸಿನ ಲಾ ಹೇ ಅನ್ನೋ ಸಣ್ಣ ಊರಲ್ಲಿ. ಈಗ ಆ ಊರಿಗೆ ಅವನದ್ದೇ ಹೆಸರಿಟ್ಟಿದ್ದಾರೆ. ಅವನಿಗೆ ವರ್ಷ ತುಂಬಿ ಸ್ವಲ್ಪ ದಿನಕ್ಕೇ ತಾಯಿ ತೀರಿಕೊಂಡರು. ತಂದೆ ಬ್ರಿಟನಿ ಪ್ರಾಂತ್ಯದ ನ್ಯಾಯಾಲಯದಲ್ಲಿ ದೊಡ್ಡ ಹುದ್ದೆಯಲ್ಲಿದ್ದರು, ಹಾಗಾಗಿ ಮಗು ಬೆಳೆದದ್ದು ಅಜ್ಜಿಯ ಕೈಯಲ್ಲಿ.

ಓದಿದ್ದು ಲಾ ಫ್ಲೆಶ್ ಅನ್ನೋ ಊರಿನಲ್ಲಿದ್ದ ಜೆಸ್ಯೂಟ್ ಪಾದ್ರಿಗಳ ಕಾಲೇಜಿನಲ್ಲಿ. ಮೈ ಹುಷಾರಿಲ್ಲದ ಹುಡುಗ ಅಂತ ಬೆಳಿಗ್ಗೆ ತಡವಾಗಿ ಏಳೋಕೆ ಅವನೊಬ್ಬನಿಗೆ ಪರ್ಮಿಷನ್ ಇತ್ತು. ಹಾಸಿಗೆಯಲ್ಲೇ ಯೋಚನೆ ಮಾಡ್ತಾ ಇರೋ ಆ ಅಭ್ಯಾಸವನ್ನ ಅವನು ಜೀವನಪೂರ್ತಿ ಬಿಡಲಿಲ್ಲ. ಅವನಿಗೆ 14 ವರ್ಷ ಇದ್ದಾಗ, 1610ರಲ್ಲಿ, ಗೆಲಿಲಿಯೋ ದೂರದರ್ಶಕದಲ್ಲಿ ಗುರುಗ್ರಹದ ನಾಲ್ಕು ಚಂದ್ರರನ್ನ ಕಂಡ ಸುದ್ದಿ ಯೂರೋಪ್ ತುಂಬಾ ಹರಡಿತು. ಆಕಾಶ ಅನ್ನೋದು ದೇವರ ಮನೆಯ ಛಾವಣಿ ಅಂದುಕೊಂಡಿದ್ದ ಜನಕ್ಕೆ, ಅಲ್ಲೂ ನಮ್ಮ ಭೂಮಿಯಂಥ ಲೋಕಗಳಿರಬಹುದು ಅಂತ ಅನ್ನಿಸೋಕೆ ಶುರುವಾದ ಕಾಲ ಅದು.

1616ರಲ್ಲಿ ಪ್ವಾತಿಯೆ ಯೂನಿವರ್ಸಿಟಿಯಲ್ಲಿ ಕಾನೂನು ಪದವಿ ಮುಗಿಸಿದ. ಲಾಯರ್ ಆಗಲಿಲ್ಲ. 1618ರಲ್ಲಿ ಹಾಲೆಂಡ್‌ಗೆ ಹೋಗಿ ಸೈನ್ಯ ಸೇರಿಕೊಂಡ. ಬ್ರೆಡಾ ಅನ್ನೋ ಊರಲ್ಲಿ ಐಸಾಕ್ ಬೇಕ್‌ಮನ್ ಅನ್ನುವವನ ಪರಿಚಯ ಆಯ್ತು. ಫಿಸಿಕ್ಸ್ ಪ್ರಾಬ್ಲಮ್‌ಗಳನ್ನ ಗಣಿತದಿಂದ ಬಿಡಿಸಬಹುದು ಅನ್ನೋ ಹುಚ್ಚು ಹತ್ತಿದ್ದು ಇವನ ಸಹವಾಸದಲ್ಲೇ. ಮುಂದಿನ ವರ್ಷ ನವೆಂಬರ್ 10ರ ರಾತ್ರಿ ದಕ್ಷಿಣ ಜರ್ಮನಿಯ ಒಂದು ಬೆಚ್ಚಗಿನ ಕೋಣೆಯಲ್ಲಿ ಅವನಿಗೆ ಸಾಲಾಗಿ ಮೂರು ಕನಸು ಬಿದ್ದವು. ಎಲ್ಲ ಜ್ಞಾನವನ್ನೂ ಒಂದೇ ಅಡಿಪಾಯದ ಮೇಲೆ ಹೊಸದಾಗಿ ಕಟ್ಟಬೇಕು ಅಂತ ಆಗ ಅವನಿಗೆ ಅನ್ನಿಸಿತಂತೆ. ಆಗ ವಯಸ್ಸು 23. ಕನಸಿನಲ್ಲಿ ಇರುವಾಗ ಅದು ಕನಸು ಅಂತ ನಮಗೆ ಗೊತ್ತಾಗಲ್ಲ ಅನ್ನೋ ವಿಷಯ ಅವನನ್ನ ಮುಂದೆಯೂ ಬಿಡಲಿಲ್ಲ.

ಕಾಗದದ ಮೇಲೊಂದು ಸಿಮ್ಯುಲೇಷನ್

1628ರ ಕೊನೆಯ ಹೊತ್ತಿಗೆ ಹಾಲೆಂಡ್‌ಗೆ ವಾಪಸ್ ಬಂದ. ಅಲ್ಲಿ ಸುಮಾರು 20 ವರ್ಷ ಇದ್ದ. ಒಂದೇ ಕಡೆ ನಿಲ್ಲದೆ ಮನೆ ಬದಲಾಯಿಸ್ತಾನೇ ಇದ್ದ. ಹೊರಗಿನ ಪ್ರಪಂಚದ ಜೊತೆ ಅವನ ಸಂಪರ್ಕ ಪತ್ರಗಳ ಮೂಲಕ, ಅದರಲ್ಲೂ ಪ್ಯಾರಿಸ್‌ನ ಸನ್ಯಾಸಿ ಮೆರ್ಸೆನ್ ಮೂಲಕ. ಮೆರ್ಸೆನ್ ಪ್ರೈಮ್ ಅಂತ ಕೇಳಿರ್ತೀರಲ್ಲ, ಅದೇ ಮೆರ್ಸೆನ್.

1630ರಲ್ಲಿ ಡೆಕಾರ್ಟ್ ಮೆರ್ಸೆನ್‌ಗೆ ಒಂದು ವಿಚಿತ್ರ ವಿಷಯ ಬರೆದ. ಗಣಿತದ ಸತ್ಯಗಳನ್ನೂ ದೇವರೇ ಮಾಡಿದ್ದು, ಒಬ್ಬ ರಾಜ ತನ್ನ ರಾಜ್ಯಕ್ಕೆ ಕಾನೂನು ಮಾಡಿದ ಹಾಗೆ ಅಂತ. ಎರಡೂ ಎರಡೂ ನಾಲ್ಕು ಅನ್ನೋದು ಕೂಡ ದೇವರಿಗಿಂತ ಮೊದಲೇ ಇದ್ದ ರೂಲ್ ಅಲ್ಲ, ಅದೂ ಅವನಿಂದಲೇ ಬಂದದ್ದು. ಇದನ್ನ ಆ ಕಾಲದ ದೇವಭಕ್ತರೇ ಬಹಳ ಜನ ಒಪ್ಪಲಿಲ್ಲ. ಆಮೇಲೆ ಬಂದ ಲೈಬ್ನಿಜ್ ಕೂಡ ಒಪ್ಪಲಿಲ್ಲ. ಆದ್ರೆ ಈ ಪಾಯಿಂಟ್ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಅದೇ ವರ್ಷಗಳಲ್ಲಿ ಅವನು ಜಗತ್ತು ಅನ್ನೋ ಹೆಸರಿನ ಪುಸ್ತಕ ಬರೀತಾ ಇದ್ದ. ನಮ್ಮ ಜಗತ್ತನ್ನ ನೇರವಾಗಿ ವಿವರಿಸಿದರೆ ಚರ್ಚ್ ಜೊತೆ ತಕರಾರು ಗ್ಯಾರಂಟಿ. ಅದಕ್ಕೆ ಒಂದು ಉಪಾಯ ಮಾಡಿದ. ಎಲ್ಲೋ ದೂರದಲ್ಲಿ ದೇವರು ಬರೀ ದ್ರವ್ಯವನ್ನ ಗಲಿಬಿಲಿಯಾಗಿ ಸುರಿದು, ಅದಕ್ಕೆ ಚಲನೆ ಕೊಟ್ಟು, ಕೆಲವೇ ಕೆಲವು ನಿಯಮ ಹಾಕಿ ಬಿಟ್ಟುಬಿಟ್ಟ ಅಂತ ಊಹೆ ಮಾಡಿ. ಆಮೇಲೆ ಏನಾಗುತ್ತೆ? ಸುಳಿಗಳು ಏಳ್ತವೆ, ನಕ್ಷತ್ರ ಆಗ್ತವೆ, ಗ್ರಹ ಸುತ್ತೋಕೆ ಶುರು ಮಾಡ್ತವೆ, ಕೊನೆಗೆ ನೋಡಿದರೆ ನಮ್ಮ ಲೋಕದ ಹಾಗೇ ಕಾಣೋ ಇನ್ನೊಂದು ಲೋಕ. ಇನಿಷಿಯಲ್ ಕಂಡಿಷನ್ ಕೊಟ್ಟು, ರೂಲ್ಸ್ ಹಾಕಿ, ರನ್ ಬಟನ್ ಒತ್ತೋದು ಅಂದ್ರೆ ಇದೇ ಅಲ್ವಾ? 17ನೇ ಶತಮಾನದಲ್ಲಿ, ಬರೀ ಮಸಿ ಮತ್ತು ಕಾಗದದಲ್ಲಿ ಮಾಡಿದ ಸಿಮ್ಯುಲೇಷನ್.

ಪುಸ್ತಕ ಮುಗಿಯೋ ಹಂತದಲ್ಲಿ ಸುದ್ದಿ ಬಂತು. 1633ರ ಜೂನ್‌ನಲ್ಲಿ ರೋಮ್‌ನಲ್ಲಿ ಗೆಲಿಲಿಯೋಗೆ ಶಿಕ್ಷೆ ಆಗಿತ್ತು. ಭೂಮಿ ಸುತ್ತುತ್ತೆ ಅಂದದ್ದಕ್ಕೆ. ಡೆಕಾರ್ಟ್‌ನ ಪುಸ್ತಕದಲ್ಲೂ ಭೂಮಿ ಸುತ್ತುತ್ತಿತ್ತು. ಆ ಒಂದು ಭಾಗ ತೆಗೆದರೆ ಉಳಿದದ್ದೆಲ್ಲ ಬೀಳುತ್ತಿತ್ತು. ಅವನು ಇಡೀ ಪುಸ್ತಕವನ್ನೇ ಎತ್ತಿಟ್ಟ. ಅವನು ಬದುಕಿರೋವರೆಗೂ ಅದು ಅಚ್ಚಾಗಲಿಲ್ಲ. 1637ರಲ್ಲಿ ಲೈಡನ್ ನಗರದಲ್ಲಿ ಬೇರೆ ಪುಸ್ತಕ ಬಂತು, ಅದರಲ್ಲೂ ಲೇಖಕನ ಹೆಸರು ಹಾಕಿರಲಿಲ್ಲ. ನಮ್ಮ ಗ್ರಾಫ್‌ಗಳ ಮೂಲವಾದ ಜ್ಯಾಮಿತಿ ಇದ್ದದ್ದು ಈ ಪುಸ್ತಕದ ಕೊನೆಯಲ್ಲಿ. ಕಾಮನಬಿಲ್ಲು ಯಾಕೆ ಸುಮಾರು 42 ಡಿಗ್ರಿ ಕೋನದಲ್ಲೇ ಕಾಣುತ್ತೆ ಅಂತ ಲೆಕ್ಕ ಮಾಡಿ ತೋರಿಸಿದ್ದೂ ಇದರಲ್ಲೇ.

ಫ್ರಾನ್ಸೀನ್

ಡೆಕಾರ್ಟ್ ಮದುವೆ ಆಗಲಿಲ್ಲ. ಆದ್ರೆ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಅವನಿದ್ದ ಮನೆಯಲ್ಲಿ ಕೆಲಸಕ್ಕಿದ್ದ ಹೆಲೆನಾ ಯಾನ್ಸ್ ಅನ್ನೋ ಹೆಂಗಸಿನಿಂದ ಅವನಿಗೊಬ್ಬಳು ಮಗಳು ಹುಟ್ಟಿದಳು. 1635ರಲ್ಲಿ, ಡೆವೆಂಟರ್ ಊರಲ್ಲಿ. ಹೆಸರು ಫ್ರಾನ್ಸೀನ್. ಅವಳನ್ನ ಫ್ರಾನ್ಸಿಗೆ ಕಳಿಸಿ ಓದಿಸೋ ಯೋಚನೆ ಅವನಿಗಿತ್ತು. 1640ರ ಸೆಪ್ಟೆಂಬರ್‌ನಲ್ಲಿ ಜ್ವರ ಬಂದು ಆ ಮಗು ಐದನೇ ವಯಸ್ಸಿಗೇ ಹೋಗಿಬಿಟ್ಟಿತು. ಮುಂದಿನ ತಿಂಗಳು ಅವನ ತಂದೆಯೂ ತೀರಿಕೊಂಡರು. ಅಳೋದು ಹೆಂಗಸರಿಗೆ ಮಾತ್ರ ಅನ್ನೋರ ಗುಂಪಿನವನು ತಾನಲ್ಲ ಅಂತ ಅವನು ಆಮೇಲೆ ಒಬ್ಬ ಸ್ನೇಹಿತನಿಗೆ ಬರೆದ.

ಇಂಟರ್‌ನೆಟ್‌ನಲ್ಲಿ ಹುಡುಕಿದರೆ ಒಂದು ಕಥೆ ಸಿಗುತ್ತೆ. ಮಗಳು ಸತ್ತಮೇಲೆ ಡೆಕಾರ್ಟ್ ಅವಳ ಹಾಗೇ ಇರೋ ಯಂತ್ರದ ಗೊಂಬೆ ಮಾಡಿಸಿಕೊಂಡಿದ್ದ, ಹಡಗಿನ ಕ್ಯಾಪ್ಟನ್ ಹೆದರಿ ಅದನ್ನ ಸಮುದ್ರಕ್ಕೆ ಎಸೆದ ಅಂತ. ಇದು ಅವನು ಸತ್ತು ಎಷ್ಟೋ ಕಾಲ ಆದಮೇಲೆ ಹುಟ್ಟಿದ ಕಟ್ಟುಕಥೆ. ಯಂತ್ರಗಳ ಬಗ್ಗೆ ಅವನಿಗೆ ಆಸಕ್ತಿ ಇದ್ದದ್ದು ಮಾತ್ರ ನಿಜ. ರಾಜರ ತೋಟಗಳಲ್ಲಿ ನೀರಿನ ಒತ್ತಡದಿಂದ ಕುಣಿಯೋ ಗೊಂಬೆಗಳನ್ನ ಉದಾಹರಣೆ ಕೊಟ್ಟು ನಮ್ಮ ನರಗಳು ಹೇಗೆ ಕೆಲಸ ಮಾಡಬಹುದು ಅಂತ ವಿವರಿಸಿದ್ದ. ಪ್ರಾಣಿಗಳ ದೇಹ ಪೂರ್ತಿ ಯಂತ್ರ, ಮನುಷ್ಯನ ದೇಹವೂ ಯಂತ್ರ, ಮನಸ್ಸು ಮಾತ್ರ ಬೇರೆ ಅನ್ನೋದು ಅವನ ಮತ. ಅಂದ್ರೆ ಮಾಡಿದವನು ಮತ್ತು ಮಾಡಿದ ವಸ್ತು ಇವೆರಡರ ಸಂಬಂಧ ಅವನಿಗೆ ಬರೀ ಧರ್ಮದ ವಿಷಯ ಆಗಿರಲಿಲ್ಲ. ಇಂಜಿನಿಯರಿಂಗ್ ವಿಷಯಾನೂ ಆಗಿತ್ತು.

ಫ್ರಾನ್ಸೀನ್ ತೀರಿಕೊಂಡ ವರ್ಷವೇ ಅವನು ತನ್ನ ಮುಖ್ಯ ಪುಸ್ತಕವನ್ನ ಮುಗಿಸಿದ. ನವೆಂಬರ್‌ನಲ್ಲಿ ಹಸ್ತಪ್ರತಿ ಮೆರ್ಸೆನ್‌ಗೆ ಹೋಯ್ತು. 1641ರಲ್ಲಿ ಪ್ಯಾರಿಸ್‌ನಲ್ಲಿ ಲ್ಯಾಟಿನ್ ಭಾಷೆಯಲ್ಲಿ ಅಚ್ಚಾಯ್ತು. ಹೆಸರು ಮೆಡಿಟೇಷನ್ಸ್. ಒಟ್ಟು ಆರು ಅಧ್ಯಾಯ.

ಮೋಸ ಮಾಡೋ ಶಕ್ತಿ

ಮೊದಲನೇ ಅಧ್ಯಾಯದಲ್ಲಿ ಅವನು ಅನುಮಾನ ಪಡ್ತಾ ಹೋಗ್ತಾನೆ. ಕಣ್ಣು ಕಿವಿ ಎಷ್ಟೋ ಸಲ ಮೋಸ ಮಾಡುತ್ತೆ. ಈಗ ಎಚ್ಚರ ಇದ್ದೀನಾ, ಕನಸು ಕಾಣ್ತಾ ಇದ್ದೀನಾ ಅಂತಾನೂ ಗ್ಯಾರಂಟಿ ಇಲ್ಲ. ಆಮೇಲೆ ಕೊನೆಯ ಹೆಜ್ಜೆ. ತುಂಬಾ ಶಕ್ತಿ ಇರೋ, ತುಂಬಾ ಚಾಲಾಕಿಯಾದ ಯಾವುದೋ ಒಂದು ದುಷ್ಟ ಜೀವಿ ತನ್ನ ಬಲವನ್ನೆಲ್ಲ ಹಾಕಿ ನನಗೆ ಮೋಸ ಮಾಡ್ತಾ ಇದ್ದರೆ? ಆಕಾಶ, ಭೂಮಿ, ಬಣ್ಣ, ಶಬ್ದ, ನನ್ನ ಕೈಕಾಲು, ಎಲ್ಲಾ ಅದು ನನ್ನ ತಲೆಗೆ ತುಂಬಿದ ಚಿತ್ರಗಳಾಗಿದ್ದರೆ? ಇವತ್ತಿನ ಭಾಷೆಯಲ್ಲಿ ಆ ಜೀವಿಯೇ ಸಿಮ್ಯುಲೇಷನ್ ಡಿಸೈನರ್.

ನನಗೆ ಯಾವ ಸೃಷ್ಟಿಕರ್ತನೂ ಇಲ್ಲ, ಆಕಸ್ಮಿಕವಾಗಿ ಬಂದವನು ಅನ್ನೋರಿಗೂ ಅವನು ಸುಮ್ಮನೆ ಬಿಡೋದಿಲ್ಲ. ನನ್ನನ್ನ ತಂದದ್ದು ಎಷ್ಟು ದುರ್ಬಲವಾದ ಕಾರಣವೋ, ನನ್ನ ತಲೆ ತಪ್ಪು ತಪ್ಪಾಗಿ ಅಸೆಂಬಲ್ ಆಗಿರೋ ಚಾನ್ಸ್ ಅಷ್ಟೇ ಜಾಸ್ತಿ ಅಲ್ವಾ ಅಂತ ಕೇಳ್ತಾನೆ. ಇದರಲ್ಲಿ ಪಣಕ್ಕಿರೋದು ಚಿಕ್ಕದಲ್ಲ. ನನ್ನನ್ನ ಮಾಡಿದವನು ಯಾರು ಅಂತ ಗೊತ್ತಿಲ್ಲದಿದ್ದರೆ ನನ್ನ ಲೆಕ್ಕ, ನನ್ನ ಫಿಸಿಕ್ಸ್, ನನ್ನ ಪ್ರೂಫ್ ಯಾವುದನ್ನೂ ನಂಬೋಕೆ ಆಧಾರ ಇಲ್ಲ.

ಎರಡನೇ ಅಧ್ಯಾಯದಲ್ಲಿ ಒಂದೇ ಒಂದು ಗಟ್ಟಿ ನೆಲ ಸಿಗುತ್ತೆ. ಮೋಸ ಹೋಗೋಕಾದರೂ ನಾನು ಇರಬೇಕು. ಅನುಮಾನ ಪಡೋಕಾದರೂ ನಾನು ಇರಬೇಕು. ಎಷ್ಟೇ ಶಕ್ತಿ ಇರೋ ಡಿಸೈನರ್ ಆದರೂ ಇದೊಂದನ್ನ ಕಿತ್ತುಕೊಳ್ಳೋಕಾಗಲ್ಲ.

ಮೂರನೇ ಅಧ್ಯಾಯದಲ್ಲಿ ನಮ್ಮ ಪ್ರಶ್ನೆಗೆ ನೇರವಾದ ಉತ್ತರ ಇದೆ. ನನ್ನೊಳಗೆ ಅನಂತವಾದ, ಪರಿಪೂರ್ಣವಾದ ಒಂದರ ಕಲ್ಪನೆ ಇದೆ ಅಂತ ಅವನು ಶುರು ಮಾಡ್ತಾನೆ. ನಾನೋ ಎಲ್ಲಾದಕ್ಕೂ ಮಿತಿ ಇರೋವನು. ಈ ಕಲ್ಪನೆ ಎಲ್ಲಿಂದ ಬಂತು? ಕುಶಲಕರ್ಮಿ ತನ್ನ ವಸ್ತುವಿನ ಮೇಲೆ ಗುರುತು ಒತ್ತೋ ಹಾಗೆ, ಆ ಅನಂತವೇ ನನ್ನ ಮೇಲೆ ಒತ್ತಿದ ಗುರುತು ಇದು ಅನ್ನೋದು ಅವನ ವಾದ.

ಇಲ್ಲಿ ಅವನು ತನಗೆ ತಾನೇ ಎರಡು ಅಡ್ಡಪ್ರಶ್ನೆ ಹಾಕಿಕೊಳ್ತಾನೆ. ನನಗೆ ಈ ಅಧ್ಯಾಯ ಇಷ್ಟ ಆದದ್ದೇ ಅದಕ್ಕೆ.

ಮೊದಲನೇದು: ನನ್ನ ಜ್ಞಾನ ದಿನದಿನಕ್ಕೂ ಬೆಳೀತಾ ಇದೆ. ಹೀಗೇ ಬೆಳೀತಾ ಬೆಳೀತಾ ಮುಂದೊಂದು ದಿನ ನಾನೇ ಆ ಅನಂತ ಆಗಬಹುದಲ್ವಾ? ಇದು ಅಡ್ವಾನ್ಸ್ಡ್ ಏಲಿಯನ್‌ನ ವಾದವೇ. ಇವತ್ತು ನಾವು, ಕೋಟಿ ವರ್ಷ ಆದಮೇಲೆ ದೇವರು. ಅವನ ಉತ್ತರ ಸರಳ. ಹಂತಹಂತವಾಗಿ ಬೆಳೆಯೋದು ಯಾವತ್ತೂ ಅನಂತ ಆಗಿರಲ್ಲ, ಯಾಕಂದ್ರೆ ಅದಕ್ಕೆ ಇನ್ನೂ ಬೆಳೆಯೋಕೆ ಜಾಗ ಇದ್ದೇ ಇರುತ್ತೆ. ಬೆಳೀತಾ ಇದೆ ಅನ್ನೋದೇ ಅದರಲ್ಲಿ ಕೊರತೆ ಇದೆ ಅನ್ನೋದಕ್ಕೆ ಸಾಕ್ಷಿ. ನಾವು ಎಷ್ಟೇ ದೊಡ್ಡ ನಂಬರ್ ಬರೆದರೂ ಅದಕ್ಕೆ ಒಂದು ಕೂಡಿಸಬಹುದು.

ಎರಡನೇದು: ನನ್ನನ್ನ ಮಾಡಿದ್ದು ನನ್ನ ಅಪ್ಪ ಅಮ್ಮ, ಅಥವಾ ದೇವರಿಗಿಂತ ಕಡಿಮೆಯ ಇನ್ಯಾವುದೋ ಕಾರಣ ಅಂತ ಯಾಕೆ ಇರಬಾರದು? ಇದಕ್ಕೆ ಅವನು ಕೊಡೋ ಉತ್ತರದಲ್ಲಿ ಒಂದು ಹೊಸ ವಿಷಯ ಬರುತ್ತೆ. ಒಂದು ಸಲ ಮಾಡಿಬಿಟ್ಟರೆ ಸಾಲದು, ಪ್ರತಿ ಕ್ಷಣವೂ ಇರಿಸಿಕೊಂಡು ಬರಬೇಕು. ನಾನು ಈಗ ಇದ್ದೀನಿ ಅನ್ನೋದರಿಂದ ಮುಂದಿನ ಕ್ಷಣವೂ ಇರ್ತೀನಿ ಅಂತ ತಾನಾಗಿ ಬರಲ್ಲ. ಕಾಪಾಡೋದಕ್ಕೂ ಹೊಸದಾಗಿ ಸೃಷ್ಟಿಸೋದಕ್ಕೂ ಬೇಕಾದ ಶಕ್ತಿ ಒಂದೇ.

ಇದನ್ನ ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಮೇಸ್ತ್ರಿ ಮನೆ ಕಟ್ಟಿ ಊರು ಬಿಟ್ಟು ಹೋದರೂ ಮನೆ ನಿಂತಿರುತ್ತೆ. ಬಲ್ಬ್ ಹಾಗಲ್ಲ, ಕರೆಂಟ್ ಹೋದ ಕ್ಷಣ ಬೆಳಕಿಲ್ಲ. ಡೆಕಾರ್ಟ್ ಪ್ರಕಾರ ಜಗತ್ತು ಬಲ್ಬಿನ ಬೆಳಕಿನ ಹಾಗೆ. ಸಿಮ್ಯುಲೇಷನ್ ಕೂಡ ಹಾಗೇ ಅಲ್ವಾ, ಸರ್ವರ್ ಆಫ್ ಮಾಡಿದರೆ ಮುಗೀತು ಅಂತ ನೀವು ಕೇಳಬಹುದು. ಹೌದು. ಆದ್ರೆ ಆ ಸರ್ವರ್‌ಗೆ ಕರೆಂಟ್ ಎಲ್ಲಿಂದ? ಆ ಡಿಸೈನರ್ ಕೂತಿರೋ ರೂಮು, ಅವನ ದೇಹ, ಅವನ ಗಡಿಯಾರ, ಅವನ ಲೋಕದ ಫಿಸಿಕ್ಸ್ ಇವನ್ನೆಲ್ಲ ಈ ಕ್ಷಣ ಇರಿಸಿರೋದು ಯಾರು? ಅವನ ಮೇಲೆ ಇನ್ನೊಬ್ಬ ಡಿಸೈನರ್ ಅಂದ್ರೆ ಅವನಿಗೂ ಇದೇ ಪ್ರಶ್ನೆ. ಎಷ್ಟು ಎಕ್ಸ್‌ಟೆನ್ಷನ್ ಬೋರ್ಡ್ ಒಂದಕ್ಕೊಂದು ಸಿಕ್ಕಿಸಿದರೂ ಕರೆಂಟ್ ಹುಟ್ಟಲ್ಲ, ಎಲ್ಲೋ ಒಂದು ಪವರ್‌ಹೌಸ್ ಬೇಕು. ಬೇರೆ ಯಾರಿಂದಲೂ ಇರುವಿಕೆಯನ್ನ ಪಡೆಯದೆ, ತಾನೇ ತಾನಾಗಿ ಇರೋ ಆ ಕೊನೆಯದನ್ನ ಡೆಕಾರ್ಟ್ ದೇವರು ಅನ್ನೋದು.

ಹಾಗಾಗಿ ಡಿಸೈನರ್‌ಗೂ ದೇವರಿಗೂ ಇರೋ ವ್ಯತ್ಯಾಸ ಪವರ್ ಎಷ್ಟು ಅನ್ನೋದರಲ್ಲಿ ಇಲ್ಲ. ಏಲಿಯನ್ ಒಬ್ಬ ಸೀನಿಯರ್. ಸೀನಿಯರ್ ಎಷ್ಟೇ ಸೀನಿಯರ್ ಆದ್ರೂ ಅವನೂ ಒಂದು ದಿನ ಅಡ್ಮಿಷನ್ ಮಾಡಿಸಿ ಇದೇ ಕಾಲೇಜಿಗೆ ಬಂದವನೇ. ಕಾಲೇಜು ಇರೋದಕ್ಕೆ ಅವನು ಕಾರಣ ಅಲ್ಲ. ಮೊದಲೇ ಹೇಳಿದ ಗಣಿತದ ಪಾಯಿಂಟ್ ಕೂಡ ಇಲ್ಲೇ ಬರುತ್ತೆ. ಒಬ್ಬ ಪ್ರೋಗ್ರಾಮರ್ ಎರಡೂ ಎರಡೂ ಐದು ಅಂತ ನಮ್ಮನ್ನ ನಂಬಿಸಬಹುದು, ಆದ್ರೆ ತನ್ನ ಮಷೀನ್ ಒಳಗೆ ಅದನ್ನ ನಿಜ ಮಾಡೋಕಾಗಲ್ಲ. ಅವನೂ ಲೆಕ್ಕಕ್ಕೆ ಬದ್ಧ. ಡೆಕಾರ್ಟ್ ಹೇಳೋ ದೇವರು ಲೆಕ್ಕದ ಒಳಗೆ ಇಲ್ಲ.

ಮೋಸ ಅನ್ನೋದು ಕೊರತೆಯ ಲಕ್ಷಣ, ಪರಿಪೂರ್ಣವಾದದ್ದು ಮೋಸ ಮಾಡಲ್ಲ ಅಂತ ಅವನು ಮುಂದೆ ಹೇಳ್ತಾನೆ. ಅಲ್ಲಿಗೆ ಗಣಿತ, ಫಿಸಿಕ್ಸ್ ಎರಡೂ ಅವನಿಗೆ ವಾಪಸ್ ಸಿಕ್ತವೆ.

ಸುಮ್ಮನೆ ಬಿಡದ ಓದುಗರು

ಅಚ್ಚಾಗೋ ಮೊದಲೇ ಮೆರ್ಸೆನ್ ಹಸ್ತಪ್ರತಿಯನ್ನ ಆ ಕಾಲದ ಬುದ್ಧಿವಂತರಿಗೆಲ್ಲ ಕಳಿಸಿ ಆಕ್ಷೇಪಣೆ ತರಿಸಿದ. ಡೆಕಾರ್ಟ್ ಎಲ್ಲಕ್ಕೂ ಉತ್ತರ ಬರೆದು ಪುಸ್ತಕದ ಜೊತೆಯೇ ಅಚ್ಚು ಹಾಕಿಸಿದ.

ಕಟೇರಸ್ ಅನ್ನೋ ಡಚ್ ಪಾದ್ರಿ ಕೇಳಿದ್ದು, ಬರೀ ಒಂದು ಕಲ್ಪನೆಗೆ ಕಾರಣ ಯಾಕೆ ಬೇಕು ಅಂತ. ಅದಕ್ಕೆ ಡೆಕಾರ್ಟ್ ಕೊಟ್ಟ ಉದಾಹರಣೆ ನಮ್ಮದೇ ಬ್ರಾಂಚಿನದು. ಒಬ್ಬನ ತಲೆಯಲ್ಲಿ ಬಹಳ ಜಟಿಲವಾದ ಯಂತ್ರದ ಡಿಸೈನ್ ಇದ್ದರೆ, ಅದು ಎಲ್ಲಿಂದ ಬಂತು ಅಂತ ಕೇಳೋದು ನ್ಯಾಯ. ಒಂದೋ ಅವನು ಅಂಥದ್ದನ್ನ ಎಲ್ಲೋ ನೋಡಿರಬೇಕು, ಇಲ್ಲ ಮೆಕ್ಯಾನಿಕ್ಸ್ ಚೆನ್ನಾಗಿ ಕಲಿತಿರಬೇಕು, ಇಲ್ಲ ಅಷ್ಟು ಬುದ್ಧಿ ಇರಬೇಕು.

ಇಂಗ್ಲೆಂಡಿನ ಥಾಮಸ್ ಹಾಬ್ಸ್ ಒಪ್ಪಲಿಲ್ಲ. ನಮ್ಮಲ್ಲಿ ದೇವರ ಕಲ್ಪನೆಯೇ ಇಲ್ಲ, ಹುಟ್ಟುಕುರುಡ ಬೆಂಕಿಯ ಬಿಸಿಯಿಂದ ಅಲ್ಲೇನೋ ಇದೆ ಅಂತ ಊಹಿಸೋ ಹಾಗೆ ನಾವೂ ಊಹಿಸ್ತೀವಿ ಅಷ್ಟೆ ಅಂದ. ಮನುಷ್ಯರ ಗುಣಗಳನ್ನೇ ದೊಡ್ಡದು ಮಾಡ್ತಾ ಹೋಗಿ ಆ ಕಲ್ಪನೆ ಕಟ್ಟಿಕೊಂಡಿದ್ದೀವಿ ಅನ್ನೋದು ಫ್ರಾನ್ಸಿನ ಗಸೆಂಡಿಯ ವಾದ. ರೋಗಿಗೆ ಒಳ್ಳೇದಾಗಲಿ ಅಂತ ಡಾಕ್ಟರ್ ಸುಳ್ಳು ಹೇಳ್ತಾರೆ, ಮಕ್ಕಳಿಗೆ ಅಪ್ಪ ಸುಳ್ಳು ಹೇಳ್ತಾನೆ, ದೇವರೂ ಹಾಗೆ ಯಾಕೆ ಮಾಡಬಾರದು ಅನ್ನೋ ಪ್ರಶ್ನೆಯೂ ಬಂತು. ಎಲ್ಲಕ್ಕಿಂತ ಚುಚ್ಚಿದ್ದು ಆಂಟ್ವಾನ್ ಆರ್ನೋ ಅನ್ನೋ ಯುವಕನ ಪ್ರಶ್ನೆ. ಸ್ಪಷ್ಟವಾಗಿ ಕಾಣೋದೆಲ್ಲ ನಿಜ ಅನ್ನೋಕೆ ದೇವರು ಬೇಕು, ದೇವರಿದ್ದಾನೆ ಅನ್ನೋಕೆ ಸ್ಪಷ್ಟವಾಗಿ ಕಾಣೋದನ್ನ ನಂಬಬೇಕು. ಇದು ಸುತ್ತು ಹೊಡೀತಾ ಇಲ್ವಾ? ಇದಕ್ಕೆ ಕಾರ್ಟೀಸಿಯನ್ ಸರ್ಕಲ್ ಅಂತಾನೇ ಹೆಸರು ಬಂದಿದೆ. ಫಿಲಾಸಫಿ ವಿದ್ಯಾರ್ಥಿಗಳು ಇವತ್ತಿಗೂ ಇದರ ಬಗ್ಗೆ ಜಗಳ ಆಡ್ತಾರೆ.

ದೇವರು ಮೋಸ ಮಾಡಲ್ಲ ಅಂದಮೇಲೆ ನಮ್ಮ ದೇಹ ಯಾಕೆ ಎಡವುತ್ತೆ ಅನ್ನೋದನ್ನ ಅವನೇ ಆರನೇ ಅಧ್ಯಾಯದಲ್ಲಿ ಎತ್ತಿಕೊಂಡಿದ್ದ. ಜಲೋದರ ಬಂದ ರೋಗಿಗೆ ನೀರು ಕುಡಿದರೆ ಅಪಾಯ, ಆದ್ರೂ ಬಾಯಾರಿಕೆ ಆಗುತ್ತೆ. ಅವನ ವಿವರಣೆ ಡಿಸೈನ್ ಟ್ರೇಡ್-ಆಫ್ ಥರ ಇದೆ. ಒಂದೇ ನರ, ಒಂದೇ ಸಿಗ್ನಲ್. ಆರೋಗ್ಯವಂತ ದೇಹಕ್ಕೆ ಬಹುತೇಕ ಸಂದರ್ಭದಲ್ಲಿ ಯಾವುದು ಉಪಯೋಗವೋ ಆ ಅರ್ಥವನ್ನೇ ಸಿಗ್ನಲ್‌ಗೆ ಕೊಟ್ಟಿದೆ, ಅಪರೂಪದ ಸಂದರ್ಭದಲ್ಲಿ ಅದು ತಪ್ಪುತ್ತೆ. ಜ್ವರಕ್ಕೆ ಮಗಳನ್ನ ಕಳೆದುಕೊಂಡ ವರ್ಷವೇ ಮುಗಿಸಿದ ಪುಸ್ತಕದಲ್ಲಿ ಈ ಮಾತು ಓದಿದಾಗ ಸ್ವಲ್ಪ ಹೊತ್ತು ಸುಮ್ಮನಾಗಬೇಕಾಗುತ್ತೆ.

ಕೋರ್ಟು ಕಟ್ಟೆ

ಉಟ್ರೆಕ್ಟ್ ಯೂನಿವರ್ಸಿಟಿಯ ಧರ್ಮಶಾಸ್ತ್ರ ಪ್ರೊಫೆಸರ್ ವೋಟಿಯಸ್ ಇವನ ಮೇಲೆ ಬಿದ್ದ. 1642ರಲ್ಲಿ ಆ ಯೂನಿವರ್ಸಿಟಿ ಹೊಸ ಫಿಲಾಸಫಿಯನ್ನ ಖಂಡಿಸಿತು. ಮುಂದಿನ ವರ್ಷ ವೋಟಿಯಸ್ ಕಡೆಯವರು ತಂದ ಪುಸ್ತಕದಲ್ಲಿ ಡೆಕಾರ್ಟ್‌ನನ್ನ ವಾನೀನಿಗೆ ಹೋಲಿಸಿದರು. ವಾನೀನಿ ಅಂದ್ರೆ ನಾಸ್ತಿಕ ಅನ್ನೋ ಆರೋಪದ ಮೇಲೆ 1619ರಲ್ಲಿ ಫ್ರಾನ್ಸಿನ ಟುಲೂಸ್‌ನಲ್ಲಿ ಕೊಂದು ಸುಟ್ಟ ಮನುಷ್ಯ. ಹೋಲಿಕೆಯ ಅರ್ಥ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಕೇಸು ತನಕ ಹೋದ ಜಗಳವನ್ನ ಫ್ರೆಂಚ್ ರಾಯಭಾರಿ ಮಧ್ಯೆ ಬಂದು ತಣ್ಣಗೆ ಮಾಡಬೇಕಾಯ್ತು.

1647ರಲ್ಲಿ ಲೈಡನ್‌ನಲ್ಲಿ ಟ್ರಿಗ್ಲಾಂಡ್ ಅನ್ನೋ ಪ್ರೊಫೆಸರ್ ಆರೋಪ ಹೊರಿಸಿದ. ಡೆಕಾರ್ಟ್ ದೇವರನ್ನ ಮೋಸಗಾರ ಅಂತ ಊಹಿಸಿದ್ದಾನೆ, ಇದು ದೈವನಿಂದೆ ಅಂತ. ಡೆಕಾರ್ಟ್ ಯೂನಿವರ್ಸಿಟಿಯ ಆಡಳಿತದವರಿಗೆ ಪತ್ರ ಬರೆದ. ನಾನು ಮೋಸಗಾರ ಅಂತ ಊಹಿಸಿದ್ದು ಒಂದು ದುಷ್ಟ ಶಕ್ತಿಯನ್ನ, ದೇವರನ್ನಲ್ಲ, ಇಬ್ಬರನ್ನೂ ಬೇರೆ ಅಂತ ತೋರಿಸೋದೇ ನನ್ನ ಪುಸ್ತಕದ ಉದ್ದೇಶ ಅನ್ನೋದು ಅದರ ಸಾರ. ಅಂದ್ರೆ ನೋಡಿ, ಡಿಸೈನರ್ ಬೇರೆ ದೇವರು ಬೇರೆ ಅನ್ನೋ ವ್ಯತ್ಯಾಸ ನಮಗೆ ರಾತ್ರಿ ಹನ್ನೆರಡಕ್ಕೆ ಹಾಸ್ಟೆಲ್‌ನಲ್ಲಿ ಟೈಂಪಾಸ್ ಚರ್ಚೆ. ಅವನಿಗೆ ಅದು ಜೀವನದ ಪ್ರಶ್ನೆ ಆಗಿತ್ತು.

ಇನ್ನೊಂದು ಕಡೆ ಪ್ಯಾರಿಸ್‌ನಲ್ಲಿ ಪಾಸ್ಕಲ್‌ನ ದೂರು ಉಲ್ಟಾ ಇತ್ತು. ಡೆಕಾರ್ಟ್‌ಗೆ ದೇವರು ಬೇಕಾಗಿರೋದು ಜಗತ್ತಿಗೆ ಮೊದಲ ತಳ್ಳು ಕೊಡೋಕೆ ಮಾತ್ರ, ಆಮೇಲೆ ಬೇಕಾಗಿಲ್ಲ ಅನ್ನೋದು ಅವನ ಬೇಸರ. ಬರೀ ಬೂಟ್ ಬಟನ್ ಒತ್ತೋ ದೇವರು. ಪ್ರತಿ ಕ್ಷಣ ಕಾಪಾಡೋ ದೇವರು ಅಂತ ಡೆಕಾರ್ಟ್ ಬರೆದಿದ್ದರೂ, ಅವನ ಫಿಸಿಕ್ಸ್ ಓದಿದವರಿಗೆ ಹಾಗೆ ಅನ್ನಿಸಿದ್ದು ಆಶ್ಚರ್ಯ ಅಲ್ಲ.

ರಾಜಕುಮಾರಿಯ ಪ್ರಶ್ನೆ, ರಾಣಿಯ ಪ್ರಶ್ನೆ

ಇವನನ್ನ ಸರಿಯಾಗಿ ಪ್ರಶ್ನೆ ಕೇಳಿದವಳು ಬೊಹೀಮಿಯಾದ ರಾಜಕುಮಾರಿ ಎಲಿಸಬೆತ್. ರಾಜ್ಯ ಕಳೆದುಕೊಂಡ ಕುಟುಂಬ ಹೇಗ್ ನಗರದಲ್ಲಿ ಇತ್ತು. 1643ರಲ್ಲಿ ಪತ್ರ ಶುರು ಮಾಡಿದಾಗ ಆಕೆಗೆ 24. ತೂಕ ಇಲ್ಲದ, ಜಾಗ ಇಲ್ಲದ ಮನಸ್ಸು ತೂಕ ಇರೋ ದೇಹವನ್ನ ಹೇಗೆ ಅಲ್ಲಾಡಿಸುತ್ತೆ ಅಂತ ಆಕೆ ಕೇಳಿದ್ದಕ್ಕೆ ಡೆಕಾರ್ಟ್ ಕೊನೆಯವರೆಗೂ ತೃಪ್ತಿಯಾಗೋ ಉತ್ತರ ಕೊಡಲಿಲ್ಲ. ದೇವರು ಎಲ್ಲವನ್ನೂ ಮೊದಲೇ ಗೊತ್ತುಮಾಡಿದ್ದರೆ ನಮ್ಮ ಆಯ್ಕೆಗೆ ಏನರ್ಥ ಅನ್ನೋದೂ ಅವರ ಪತ್ರಗಳಲ್ಲಿ ಬಂತು. 1646ರಲ್ಲಿ ಅವನು ಒಂದು ಹೋಲಿಕೆ ಕೊಟ್ಟ. ರಾಜ ದ್ವಂದ್ವಯುದ್ಧ ನಿಷೇಧ ಮಾಡಿದ್ದಾನೆ. ಪರಸ್ಪರ ದ್ವೇಷ ಇರೋ ಇಬ್ಬರು ಸಿಕ್ಕರೆ ಹೊಡೆದಾಡೇ ಆಡ್ತಾರೆ ಅಂತಾನೂ ಅವನಿಗೆ ಗೊತ್ತು. ಆದ್ರೂ ಇಬ್ಬರೂ ದಾರಿಯಲ್ಲಿ ಎದುರಾಗೋ ಹಾಗೆ ಕೆಲಸ ಕೊಟ್ಟು ಕಳಿಸ್ತಾನೆ. ಅವರು ಹೊಡೆದಾಡಿದರೆ ಅದು ಅವರ ಇಷ್ಟವೇ, ಶಿಕ್ಷೆಯೂ ನ್ಯಾಯವೇ ಅಂತ ಡೆಕಾರ್ಟ್ ವಾದ. ನನಗಂತೂ ಇದು ಒಪ್ಪಿಗೆ ಆಗಲ್ಲ. ಆ ರಾಜ ನನಗೆ ದೇವರಿಗಿಂತ ಗೇಮ್ ಡಿಸೈನರ್ ಥರ ಕಾಣ್ತಾನೆ. ದೇವರನ್ನ ಇನ್ನೊಬ್ಬ ದೊಡ್ಡ ಮನುಷ್ಯನಿಗೆ ಹೋಲಿಸಿದ ಕೂಡಲೇ ಡೆಕಾರ್ಟ್ ತಾನೇ ಎಳೆದ ಗೆರೆಯನ್ನ ಅಳಿಸಿಬಿಡ್ತಾನೆ.

ಏಲಿಯನ್ ಪ್ರಶ್ನೆ ಬಂದದ್ದು ಸ್ವೀಡನ್‌ನಿಂದ. ವಿಶ್ವಕ್ಕೆ ಕೊನೆ ಇಲ್ಲ ಅಂದ್ರೆ ಧರ್ಮದ ಗತಿ ಏನು ಅಂತ ರಾಣಿ ಕ್ರಿಸ್ಟಿನಾಗೆ ಚಿಂತೆ. ಅಲ್ಲಿದ್ದ ಫ್ರೆಂಚ್ ರಾಯಭಾರಿ ಶಾನ್ಯೂ ಮೂಲಕ ಪ್ರಶ್ನೆ ಬಂತು. 1647ರ ಜೂನ್‌ನಲ್ಲಿ ಡೆಕಾರ್ಟ್ ಉತ್ತರಿಸಿದ. ವಿಶ್ವವನ್ನ ನಾನು ಅನಂತ ಅನ್ನಲ್ಲ, ಅದರ ಗಡಿ ನಮಗೆ ಕಾಣಲ್ಲ ಅಷ್ಟೆ. ಅನಂತ ಅನ್ನೋ ಪದವನ್ನ ದೇವರಿಗೆ ಮಾತ್ರ ಇಟ್ಟುಕೊಳ್ತೀನಿ. ಬೇರೆ ನಕ್ಷತ್ರಗಳಲ್ಲಿ ಬುದ್ಧಿ ಇರೋ ಜೀವಿಗಳು ಇದ್ದಾವೋ ಇಲ್ಲವೋ ಅನ್ನೋದನ್ನ ಅವನು ತೀರ್ಮಾನ ಮಾಡದೆ ಬಿಟ್ಟ. ಇದ್ದರೂ ದೇವರು ಮನುಷ್ಯನಿಗೆ ಕೊಟ್ಟದ್ದೇನೂ ಕಡಿಮೆ ಆಗಲ್ಲ ಅಂದ. ಅವನಿಗೆ ಏಲಿಯನ್ ಅಂದ್ರೆ ಭಯ ಇರಲಿಲ್ಲ. ಅವರು ಎಷ್ಟೇ ದೊಡ್ಡವರಿದ್ದರೂ ಗಡಿ ಕಾಣದ ಗುಂಪಿಗೆ ಸೇರಬಹುದೇ ಹೊರತು ಅನಂತದ ಗುಂಪಿಗೆ ಅಲ್ಲ.

ಬೆಳಗಿನ ಐದು ಗಂಟೆ

1649ರ ಅಕ್ಟೋಬರ್‌ನಲ್ಲಿ ರಾಣಿಯ ಕರೆಗೆ ಒಪ್ಪಿ ಡೆಕಾರ್ಟ್ ಸ್ಟಾಕ್‌ಹೋಮ್‌ಗೆ ಹೋದ. ಜೀವನಪೂರ್ತಿ ತಡವಾಗಿ ಎದ್ದವನಿಗೆ ರಾಣಿ ಪಾಠಕ್ಕೆ ಕೊಟ್ಟ ಟೈಮ್ ಬೆಳಿಗ್ಗೆ ಐದು ಗಂಟೆ. ಅದೂ ಜನವರಿಯಲ್ಲಿ, ಸ್ವೀಡನ್ನಿನ ಚಳಿಯಲ್ಲಿ. ಫೆಬ್ರವರಿ ಮೊದಲಲ್ಲೇ ಕಾಯಿಲೆ ಬಿದ್ದ. 1650ರ ಫೆಬ್ರವರಿ 11ರಂದು ನ್ಯುಮೋನಿಯಾದಿಂದ ತೀರಿಕೊಂಡ. ವಯಸ್ಸು 53. ಪ್ರಾಟೆಸ್ಟೆಂಟ್ ದೇಶದಲ್ಲಿ ಸತ್ತ ಕ್ಯಾಥೊಲಿಕ್ ಆದ್ದರಿಂದ ಅವನನ್ನ ಹೂಳಿದ್ದು ದೀಕ್ಷೆ ಆಗದ ಮಕ್ಕಳ ಸ್ಮಶಾನದಲ್ಲಿ. 1666ರಲ್ಲಿ ಮೂಳೆಗಳನ್ನ ಫ್ರಾನ್ಸಿಗೆ ಸಾಗಿಸಿದರು, ತಲೆಬುರುಡೆ ಮಾತ್ರ ದಾರಿ ತಪ್ಪಿತು. 1821ರಲ್ಲಿ ರಸಾಯನಶಾಸ್ತ್ರಜ್ಞ ಬರ್ಜೀಲಿಯಸ್ ಅವನದ್ದೆನ್ನಲಾದ ಬುರುಡೆಯನ್ನ ಪ್ಯಾರಿಸ್‌ಗೆ ಕಳಿಸಿಕೊಟ್ಟ. ಈ ನಡುವೆ 1663ರಲ್ಲೇ ರೋಮ್ ಅವನ ಪುಸ್ತಕಗಳನ್ನ ನಿಷೇಧದ ಪಟ್ಟಿಗೆ ಸೇರಿಸಿತ್ತು. ದೇವರಿದ್ದಾನೆ ಅಂತ ಪ್ರೂವ್ ಮಾಡೋಕೆ ಹೊರಟವನ ಪುಸ್ತಕ.

ಅವನ ಪ್ರೂಫ್ ಗಟ್ಟಿ ಇದೆಯಾ? ನನ್ನ ಲೆಕ್ಕದಲ್ಲಿ ಪೂರ್ತಿ ಇಲ್ಲ. ಆರ್ನೋ ತೋರಿಸಿದ ಸುತ್ತು ಅಲ್ಲೇ ಇದೆ. ಪವರ್‌ಹೌಸ್ ಬೇಕೇ ಬೇಕು ಅಂತ ಒಪ್ಪಿದರೂ, ಅದಕ್ಕೆ ನಮ್ಮ ಮೇಲೆ ಕಾಳಜಿ ಇದೆ, ಅದು ಮೋಸ ಮಾಡಲ್ಲ ಅನ್ನೋವರೆಗೂ ಹೋಗೋಕೆ ಇನ್ನೂ ದೂರ ಇದೆ. ದೇವರನ್ನ ನಂಬೋದು ಬಿಡೋದು ನಿಮಗೆ ಬಿಟ್ಟದ್ದು. ಆದ್ರೆ ಅವನು ಎಳೆದ ಗೆರೆ ಪ್ರೂಫ್ ಬಿದ್ದರೂ ಉಳಿಯುತ್ತೆ. ಯಾರಾದ್ರೂ ನಮ್ಮ ಲೋಕವನ್ನ ಕಟ್ಟಿದವರು ಸಿಕ್ಕಿದ್ರು ಅಂತ ನಾಳೆ ಸುದ್ದಿ ಬಂದರೆ, ಮೊದಲು ಕೇಳಬೇಕಾದ ಪ್ರಶ್ನೆ ಅವರಿಗೆ ಎಷ್ಟು ಶಕ್ತಿ ಇದೆ ಅಂತ ಅಲ್ಲ. ಅವರನ್ನ ಈ ಕ್ಷಣ ಇರಿಸಿರೋದು ಯಾರು ಅಂತ. ಅವರೂ ಮೇಲೆ ನೋಡಿ ತಲೆ ಕೆರೆದುಕೊಂಡರೆ ಅವರು ಸೀನಿಯರ್‌ಗಳು. ನಮಸ್ಕಾರ ಹೇಳಿ, ನೋಟ್ಸ್ ಇಸ್ಕೊಂಡು ಬರಬಹುದು. ಪೂಜೆ ಮಾಡಬೇಕಾಗಿಲ್ಲ.